ಪಣಂಬೂರು: ಅಂಕಿಯಲ್ಲಿ ಸಿಗುವ ಜಾಗ

ಬೇರೊಬ್ಬರು ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ, ರೇಖಾಂಶಗಳ ಸುಳಿವು ಹಿಡಿದು ಹುಡುಕುವ ಹೊರಾಂಗಣ ಹವ್ಯಾಸಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರು. ಡಬ್ಬಿಯೊಳಗೆ ಪುಟ್ಟದೊಂದು ಪುಸ್ತಕವಿರುತ್ತದೆ. ಹುಡುಕಿ ತೆಗೆದವರು ಅದರಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗಿನ ಆಟಿಕೆಯನ್ನೋ ನಾಣ್ಯವನ್ನೋ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಹಾಕಬೇಕು. ಹವ್ಯಾಸ 2000ನೇ ಇಸವಿಯದು. ಆದರೆ ಜಾಗವನ್ನು ಗುರುತಿಟ್ಟು ಮತ್ತೆ ಅಲ್ಲಿಗೇ ಬಂದು ಮುಟ್ಟುವ ವಿದ್ಯೆ ಬಹಳ ಹಳೆಯದು. ಅದರ ಹಲವು ಘಟ್ಟಗಳನ್ನು ಮಂಗಳೂರಿನ ಉತ್ತರಕ್ಕಿರುವ ಪಣಂಬೂರಿನ ಸುತ್ತಲೇ ಕಾಣಬಹುದು.

ಅಂಕಿಗಳು ಬರುವ ಮೊದಲು ಗುರುತಿಗೆ ಕಣ್ಣೇ ಆಧಾರವಾಗಿತ್ತು. ಮೀನು ಹಿಡಿಯಲು ಕಡಲಿಗೆ ಇಳಿದ ಮೊಗವೀರರಿಗೂ ಮಂಜಿ ಎಂಬ ಹಾಯಿಹಡಗುಗಳ ಚಾಲಕರಿಗೂ ದಡದ ತೆಂಗಿನ ಸಾಲು, ಗುಡಿ, ಗುಡ್ಡಗಳೇ ದಾರಿ ಹೇಳುತ್ತಿದ್ದವು. ಹತ್ತಿರದ ಗುರುತೊಂದು ದೂರದ ಗುರುತಿನೊಂದಿಗೆ ಒಂದೇ ಗೆರೆಯಲ್ಲಿ ಬಂದರೆ ದೋಣಿ ಯಾವ ನೇರದಲ್ಲಿದೆ ಎಂದು ತಿಳಿಯುತ್ತದೆ. ಇನ್ನೊಂದು ದಿಕ್ಕಿನಲ್ಲಿ ಅಂಥದೇ ಇನ್ನೊಂದು ಜೋಡಿ ಸಿಕ್ಕರೆ ದೋಣಿ ನಿಂತ ಜಾಗವೇ ತಿಳಿಯುತ್ತದೆ. ಘಟ್ಟದ ಮೇಲಿನ ಕುದುರೆಮುಖಕ್ಕೆ ಆ ಹೆಸರು ಬಂದದ್ದು ಪಶ್ಚಿಮದಿಂದ ನೋಡಿದಾಗ ಶಿಖರ ಕುದುರೆಯ ಮೋರೆಯಂತೆ ಕಾಣುವುದರಿಂದ. ನಾವಿಕರಿಗೆ ಅದು ಅಳಿಸಲಾಗದ ಗುರುತು. ಮಳೆಗಾಲದ ಮೋಡ ಕವಿದಾಗ ಮಾತ್ರ ಕುದುರೆಯೂ ಇಲ್ಲ, ಗುಡ್ಡವೂ ಇಲ್ಲ.

ಈ ಕರಾವಳಿಯನ್ನು ದೊಡ್ಡ ಪ್ರಮಾಣದಲ್ಲಿ, ನಿಖರವಾಗಿ ಅಳೆದವನು ವಿಲಿಯಂ ಲ್ಯಾಂಬ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಬ್ರಿಟಿಷ್ ಸೈನ್ಯಾಧಿಕಾರಿ, ರಾತ್ರಿ ನಡಿಗೆಯಲ್ಲಿ ನಕ್ಷತ್ರ ನೋಡಿ, ತನ್ನ ಪಡೆ ತಪ್ಪು ದಿಕ್ಕಿಗೆ ಹೋಗುತ್ತಿದೆ ಎಂದು ಸೇನಾಪತಿಯನ್ನು ಎಚ್ಚರಿಸಿದನೆಂಬ ಪ್ರಸಂಗ ಪ್ರಸಿದ್ಧ. ಟಿಪ್ಪು ಮಡಿದ ಮೇಲೆ ಅವನು ಮುಂದಿಟ್ಟ ಯೋಜನೆ, ಪರ್ಯಾಯ ದ್ವೀಪವನ್ನು ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ತ್ರಿಕೋನಗಳ ಸರಪಳಿಯಲ್ಲಿ ಅಳೆಯುವುದು. 1802ರ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದದ್ದಾಯಿತು. ನೆಲದ ಮೇಲೆ ಸರಪಳಿ ಹಾಸಿ ಅಳೆಯುವುದು ಇಂಥ ಆಧಾರರೇಖೆಗಳಿಗೆ ಮಾತ್ರ. ಉಳಿದದ್ದೆಲ್ಲ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ಅಳೆದು ಹಾಕಿದ ಲೆಕ್ಕ. ಕೋನ ಅಳೆಯುವ ಥಿಯೋಡೊಲೈಟ್ ಯಂತ್ರವೇ ಸುಮಾರು ಅರ್ಧ ಟನ್ ತೂಗುತ್ತಿತ್ತು. ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಅದು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತ್ತು. ವಿಜ್ಞಾನದ ಉಪಕರಣವೆಂದು ಅಲ್ಲಿನ ಗವರ್ನರ್ ಅದನ್ನು ಮರ್ಯಾದೆಯಿಂದ ಹಿಂತಿರುಗಿಸಿದ.

ತ್ರಿಕೋನಗಳ ಸರಪಳಿ ಬೆಂಗಳೂರನ್ನು ಹಾದು, ಘಟ್ಟ ಇಳಿದು ಮಂಗಳೂರಿನ ತೀರ ಮುಟ್ಟಿದಾಗ ಹಳೆಯ ನಕ್ಷೆಗಳ ಬಂಡವಾಳ ಬಯಲಾಯಿತು. ಅಂದಿನ ಉತ್ತಮ ನಕ್ಷೆಗಳಲ್ಲಿ ಮದ್ರಾಸಿಗೂ ಮಂಗಳೂರಿಗೂ ನಡುವೆ 400 ಮೈಲಿ ಅಗಲದ ನೆಲವಿತ್ತು. ಲ್ಯಾಂಬ್ಟನ್ ಕಂಡದ್ದು 360 ಮೈಲಿ. ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇತ್ತು! ಮುಂದೆ 1818ರಲ್ಲಿ ಗ್ರೇಟ್ ಟ್ರಿಗನೊಮೆಟ್ರಿಕಲ್ ಸರ್ವೆ ಎಂಬ ಹೆಸರು ಪಡೆದು ಹಿಮಾಲಯದವರೆಗೆ ಹೋದ ಕೆಲಸದ ಮೊದಲ ಅಡ್ಡಪಟ್ಟಿ ಇದು. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರಕ್ಕೆ ಇದರಿಂದ ಬೇಕಾಗಿದ್ದದ್ದು ಆಳುವ ಅನುಕೂಲ. ಭೂಮಿಯ ಆಕಾರದ ಜಿಜ್ಞಾಸೆ ಹೆಚ್ಚಾಗಿ ಲ್ಯಾಂಬ್ಟನ್‌ನದೇ ಹುಚ್ಚು.

ಅಂಕಿ ಒಂದೇ ಇದ್ದು ಜಾಗವೇ ಬೇರೆಯಾದ ಕಥೆ ಪಣಂಬೂರಿನದು. ಮಂಗಳೂರಿನ ಹಳೆಯ ಬಂದರು ನದಿ ಬಾಯಿಯಲ್ಲಿದ್ದು, ಅಳಿವೆಯ ಮರಳು ದಿಬ್ಬದ ಕಾರಣ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು. ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. ಸರ್ವಋತು ಬಂದರಿಗೆ ಪಣಂಬೂರು ಆಯ್ಕೆಯಾಯಿತು. ಅಲ್ಲಿ ಕಟ್ಟಿದ್ದು ಸಹಜ ಕೊಲ್ಲಿಯಲ್ಲಿ ನಿಂತ ಬಂದರಲ್ಲ, ಒಣನೆಲವನ್ನು ಅಗೆದು ಕಡಲನ್ನು ಒಳಗೆ ಬಿಟ್ಟ ಬಂದರು. ಅದಕ್ಕಾಗಿ 1960ರ ದಶಕದಲ್ಲಿ ಊರಿನ ಕುಟುಂಬಗಳು ಮನೆ, ಗದ್ದೆ, ತೆಂಗು ಬಿಟ್ಟು ಏಳಬೇಕಾಯಿತು. ಕಾಟಿಪಳ್ಳ, ಕೃಷ್ಣಾಪುರಗಳ ಪುನರ್ವಸತಿ ಬಡಾವಣೆಗಳು ಹುಟ್ಟಿದ್ದು ಹೀಗೆ. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮುಂದೆ ಕುದುರೆಮುಖದ ಅದಿರು ನೀರಿನಲ್ಲಿ ಕಲಸಿದ ಕೆಸರಾಗಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಇಲ್ಲಿಗೆ ಹರಿದು ಬಂತು. ನಾವಿಕರಿಗೆ ಗುರುತಾಗಿದ್ದ ಬೆಟ್ಟಸಾಲಿನ ಮಣ್ಣೇ ಕಡಲಿಗಿಳಿದು ಹಡಗು ಹತ್ತಿತು ಎನ್ನಬೇಕು. ಗಣಿ 2005ರ ಕೊನೆಗೆ ನಿಂತಿತು.

ಆ ಹೊತ್ತಿಗೆ ಗುರುತು ಹಿಡಿಯುವ ಕೆಲಸ ಬೆಟ್ಟದಿಂದ ಆಕಾಶಕ್ಕೆ ಏರಿಯಾಗಿತ್ತು. ಅಮೆರಿಕದ ಸೇನೆಗಾಗಿ ಹುಟ್ಟಿದ ಜಿಪಿಎಸ್ ವ್ಯವಸ್ಥೆಯ ಸಂಕೇತ ನಾಗರಿಕರಿಗೂ ಸಿಗುತ್ತಿತ್ತು, ಆದರೆ ಬೇಕೆಂದೇ ಕೆಡಿಸಿದ ರೂಪದಲ್ಲಿ. ತಪ್ಪು 100 ಮೀಟರಿನವರೆಗೂ ಹೋಗುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ 2000ದ ಮೇ 2ರಂದು ಆ ಕಲಬೆರಕೆ ನಿಂತಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಕಪ್ಪು ಬಕೆಟ್ಟೊಂದನ್ನು ಅಡಗಿಸಿ, ಅದರ ಅಂಕಿಗಳನ್ನು ಅಂತರ್ಜಾಲದಲ್ಲಿ ಬರೆದ. ಬಕೆಟ್ಟಿನಲ್ಲಿದ್ದದ್ದು ಪುಸ್ತಕ, ತಂತ್ರಾಂಶ, ಕವಣೆ, ಬೀನ್ಸಿನ ಡಬ್ಬಿ ಇತ್ಯಾದಿ. ಮೂರೇ ದಿನದಲ್ಲಿ ಮೈಕ್ ಟೀಗ್ ಅದನ್ನು ಹುಡುಕಿದ. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಸೂಚಿಸಿದ ಹೆಸರು ಜಿಯೋಕ್ಯಾಚಿಂಗ್. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಇದರ ಅಜ್ಜನಂಥ ರೂಢಿಯೊಂದಿತ್ತು: 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರಾನ್ಮಿಯರ್ ಕೊಳದ ಬಳಿ ಬಾಟಲಿಯೊಂದನ್ನಿಟ್ಟು, ನಡೆದು ಬಂದವರು ತಮ್ಮ ಚೀಟಿ ಹಾಕಿ ಹೋಗಲೆಂದು ಬಿಟ್ಟಿದ್ದ.

ಪಣಂಬೂರಿನ ತೀರ ಇರುವುದು ಉತ್ತರಕ್ಕೆ 12 ಡಿಗ್ರಿ 56 ಮಿನಿಟ್, ಪೂರ್ವಕ್ಕೆ 74 ಡಿಗ್ರಿ 48 ಮಿನಿಟ್ ಆಸುಪಾಸಿನಲ್ಲಿ. ಅಕ್ಷಾಂಶದ ಒಂದು ಮಿನಿಟ್ ಎಂದರೆ ನೆಲದ ಮೇಲೆ ಸುಮಾರು 1.84 ಕಿಲೋಮೀಟರ್. ಹಾಗಾಗಿ ಇಷ್ಟೇ ಅಂಕಿ ಹಿಡಿದು ಹೊರಟವರು ಬಂದರಿನಲ್ಲೂ ಇರಬಹುದು, ನೀರಿನಲ್ಲೂ ಇರಬಹುದು. ಜಿಯೋಕ್ಯಾಚಿಂಗ್‌ನಲ್ಲಿ ಮಿನಿಟಿನ ಮುಂದೆ ಮೂರು ದಶಮಾಂಶ ಬರೆಯುವುದು ಇದಕ್ಕೇ. ಕೊನೆಯ ಅಂಕಿ ಒಂದು ಹೆಚ್ಚಾದರೆ ಎರಡು ಹೆಜ್ಜೆ ಸರಿದಂತೆ. ಮೊಬೈಲಿನ ಜಿಪಿಎಸ್ ಅಷ್ಟು ನಿಖರವಲ್ಲ. ಗಾಳಿಮರಗಳ ಕೆಳಗೆ ಬಾಣದ ಗುರುತು ಅತ್ತಿತ್ತ ಓಲಾಡುತ್ತದೆ. ಕೊನೆಯ ಹತ್ತು ಮೀಟರಿನಲ್ಲಿ ಯಂತ್ರವನ್ನು ಜೇಬಿಗೆ ಹಾಕಿ ಕಣ್ಣಿನಿಂದಲೇ ಹುಡುಕಬೇಕು. ಆಟದ ರುಚಿ ಇರುವುದೂ ಅಲ್ಲೇ.

ಕರ್ನಾಟಕದ ಕರಾವಳಿಯಲ್ಲಿ, ಒಟ್ಟಾರೆ ಭಾರತದಲ್ಲೂ, ಈ ಹವ್ಯಾಸ ಆಳವಾಗಿ ಬೇರೂರಿಲ್ಲ. ಕರಾವಳಿ ಮತ್ತು ಗಡಿ ಪ್ರದೇಶಗಳ ವಿವರವಾದ ಸರ್ವೆ ನಕ್ಷೆಗಳು ಬಹುಕಾಲ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿ ಬಾಗಿಲನ್ನು ಸ್ವಲ್ಪ ತೆರೆಯಿತು. 2021ರ ಫೆಬ್ರವರಿ 15ರ ಮಾರ್ಗಸೂಚಿಗಳು ಭೂಮಾಹಿತಿಯ ಮೇಲಿನ ಅನುಮತಿಯ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿದವು. ಆದರೂ ಪಣಂಬೂರಿನಲ್ಲಿ ಡಬ್ಬಿ ಇಡುವುದಕ್ಕೆ ಬೇರೆ ತೊಡಕುಗಳಿವೆ. ಬಂದರಿಗೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕಾವಲಿದೆ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರಿಗೆ ನೆನಪಾಗುವುದು ಆಟವಲ್ಲ, ಬಾಂಬು. ಡಬ್ಬಿಯನ್ನು ನೆಲದಲ್ಲಿ ಹೂಳಬಾರದು, ಎರಡರ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು, ಜಾಗದ ಒಡೆಯರ ಒಪ್ಪಿಗೆ ಬೇಕು ಎಂಬುದು ಹವ್ಯಾಸದ ನಿಯಮ. ಇವನ್ನೆಲ್ಲ ಪಾಲಿಸಿದರೂ ಜೂನ್ ಬಂದಿತೆಂದರೆ ಕಡಲು ಮರಳನ್ನು ಕೊರೆದೊಯ್ಯುತ್ತದೆ, ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ. ಈ ತೀರಕ್ಕೆ ಡಬ್ಬಿಯಿಲ್ಲದ ಬಗೆಯೇ ಹೊಂದುತ್ತದೆ. 2004ರಲ್ಲಿ ಶುರುವಾದ ಅರ್ಥ್‌ಕ್ಯಾಶ್‌ನಲ್ಲಿ ಅಂಕಿಗಳು ಒಂದು ಬಂಡೆಗೋ ಅಳಿವೆಗೋ ಕರೆದೊಯ್ಯುತ್ತವೆ. ಅಲ್ಲಿ ನೋಡಿ ತಿಳಿದದ್ದನ್ನು ಉತ್ತರವಾಗಿ ಬರೆದರೆ ಸಾಕು.

ಹವ್ಯಾಸಿಗಳು ಕಡಿಮೆ ಇದ್ದರೂ ಇದೇ ಕೌಶಲ ಹೊಟ್ಟೆಪಾಡಾಗಿ ಈ ಕಡಲಲ್ಲಿ ನಿತ್ಯ ನಡೆಯುತ್ತದೆ. ಆಳಸಮುದ್ರದ ಟ್ರಾಲ್ ದೋಣಿಗಳು ಮೀನು ಸಿಕ್ಕ ಜಾಗವನ್ನೂ ಬಲೆ ಹರಿಯುವ ಬಂಡೆಯ ಜಾಗವನ್ನೂ ಜಿಪಿಎಸ್‌ನಲ್ಲಿ ಪಾಯಿಂಟುಗಳಾಗಿ ಗುರುತಿಟ್ಟುಕೊಳ್ಳುತ್ತವೆ. ಜಿಯೋಕ್ಯಾಚಿಂಗ್‌ನವರು ಡಬ್ಬಿ ಅಡಗಿಸಿ ಅಂಕಿ ಬಹಿರಂಗ ಮಾಡುತ್ತಾರೆ. ಇಲ್ಲಿ ಗುಟ್ಟಾಗಿ ಉಳಿಯಬೇಕಾದದ್ದು ಅಂಕಿಯೇ. ಜಿಪಿಎಸ್‌ನಂತೆಯೇ ಜಾಗ ತಿಳಿಸುವ, ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಆ ಉಪಗ್ರಹಗಳ ನಿಯಂತ್ರಣ ಕೇಂದ್ರಗಳಲ್ಲಿ ಒಂದು ಇರುವುದು ಘಟ್ಟದ ಮೇಲಿನ ಹಾಸನದಲ್ಲಿ.

ಹಳೆಯ ಪಣಂಬೂರಿನ ಮನೆ, ಗದ್ದೆಗಳಿದ್ದ ಜಾಗದ ಅಕ್ಷಾಂಶ, ರೇಖಾಂಶಗಳು ಬದಲಾಗಿಲ್ಲ. ಆ ಅಂಕಿ ಹಿಡಿದು ಹೊರಟವರಿಗೆ ಅಲ್ಲೀಗ ಎದುರಾಗುವುದು ಬಂದರಿನ ಕಾಂಪೌಂಡು. ಊರಿನವರು ಸಿಗುವುದು ಕಾಟಿಪಳ್ಳದಲ್ಲಿ.