ಬೀದರದ ಸಾರ್ವಜನಿಕ ಆಸ್ಪತ್ರೆಯ ಪೂರ್ವೋತ್ತರಗಳು

ಬೀದರವೆಂದೊಡನೆ ಕೋಟೆಯೂ, ಅಷ್ಟೂರಿನ ಗುಮ್ಮಟಗಳೂ, ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸವೂ ವಾಚಕರ ಕಣ್ಣ ಮುಂದೆ ನಿಲ್ಲುವುವು. ಆದರೆ ಆ ಮದರಸಕ್ಕಿಂತಲೂ ಪ್ರಾಚೀನವಾದ ಒಂದು ಲೋಕೋಪಕಾರಿ ಸಂಸ್ಥೆಯು ಈ ನಗರದಲ್ಲಿದ್ದಿತು. ಅದು ಸಾರ್ವಜನಿಕ ಆಸ್ಪತ್ರೆ. ಅರಸರ ಯುದ್ಧಗಳನ್ನು ಪುಟಗಟ್ಟಲೆ ವರ್ಣಿಸುವವರು ಇದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಅದರ ವ್ಯವಸ್ಥೆಯನ್ನು ಸ್ವಲ್ಪ ವಿಚಾರಿಸಿ ನೋಡಿದರೆ ಇಂದಿನ ಆಸ್ಪತ್ರೆಗಳ ಸುಧಾರಣೆಗೂ ಅದರಿಂದ ಬೆಳಕು ದೊರೆಯುವುದು.

ಬಹಮನಿ ಸುಲ್ತಾನನಾದ ಎರಡನೆಯ ಅಲಾಉದ್ದೀನ ಅಹಮದನು 1436ರಿಂದ 1458ರವರೆಗೆ ಆಳಿದನು. ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ವಿಜಾಪುರದಲ್ಲಿದ್ದು ಇತಿಹಾಸವನ್ನು ಬರೆದ ಫಿರಿಸ್ತನು, ಈ ಸುಲ್ತಾನನು ಬೀದರದಲ್ಲಿ ವಿಶಾಲವಾದ ಆಸ್ಪತ್ರೆಯೊಂದನ್ನು ಸ್ಥಾಪಿಸಿದನೆಂದು ತಿಳಿಸುತ್ತಾನೆ. ರೋಗಿಗಳ ಔಷಧಕ್ಕೂ ಆಹಾರಕ್ಕೂ ಸಾಲುವಂತೆ ಭೂಮಿಯ ಉತ್ಪನ್ನವನ್ನು ಅದಕ್ಕೆ ಬಿಟ್ಟುಕೊಡಲಾಗಿದ್ದಿತು. ಹಿಂದೂ ವೈದ್ಯರೂ ಮುಸಲ್ಮಾನ ವೈದ್ಯರೂ ಅಲ್ಲಿ ನಿಯಮಿಸಲ್ಪಟ್ಟಿದ್ದರು. ಇಲ್ಲಿ ಗಮನಿಸತಕ್ಕ ಅಂಶವು ಕಟ್ಟಡದ ವಿಸ್ತಾರವಲ್ಲ. ಅರಸನ ಕೈ ನೋಡದೆ ವರ್ಷವರ್ಷವೂ ಬರತಕ್ಕ ಆದಾಯ, ಔಷಧದಷ್ಟೇ ಮುಖ್ಯವೆಂದೆಣಿಸಿದ ಪಥ್ಯಾಹಾರ, ರೋಗಿಯು ನಂಬಿ ಬರಬಲ್ಲ ವೈದ್ಯ, ಈ ಮೂರನ್ನೂ ಮೊದಲೇ ಯೋಚಿಸಿ ಒದಗಿಸಿದುದೇ ಆ ವ್ಯವಸ್ಥೆಯ ಹಿರಿಮೆ.

ಆ ಸುಲ್ತಾನನ ಕೊನೆಯ ದಿನಗಳು ಒಂದು ನಾಟಕದಂತಿವೆ. ಕಾಲಿನ ಗಾಯದ ದೆಸೆಯಿಂದ ಅವನು ಅರಮನೆಯನ್ನು ಬಿಟ್ಟು ಹೊರಬಾರದಾದನು. ಸತ್ತನೆಂಬ ವದಂತಿ ಹಬ್ಬಿತು. ಅವನ ಬಂಧುವಾದ ಜಲಾಲಖಾನನು ತೆಲಂಗಾಣದಲ್ಲಿ ದಂಗೆಯೆದ್ದನು. ರೋಗಶಯ್ಯೆಯ ಸುತ್ತ ಒಳಸಂಚುಗಳನ್ನು ಹೆಣೆಯುವ ಈಗಿನ ದೂರದರ್ಶನದ ಧಾರಾವಾಹಿಗಳಿಗೂ ಇದಕ್ಕಿಂತ ಹೆಚ್ಚಿನ ಕಥಾವಸ್ತು ಬೇಕಿಲ್ಲ. ಆದರೆ ಅರಸನೊಬ್ಬನ ಕಾಲುನೋವು ಗ್ರಂಥಗಳಲ್ಲಿ ಉಳಿಯಿತು. ಅವನ ಆಸ್ಪತ್ರೆಯ ಬಾಗಿಲಿಗೆ ಬಂದ ಬಡವರ ನೋವನ್ನು ಯಾರೂ ಬರೆಯಲಿಲ್ಲ. ಸಾರ್ವಜನಿಕ ಆಸ್ಪತ್ರೆಯ ನಿಜವಾದ ಚರಿತ್ರೆಯು ಆ ಬಡವರದು.

ನಿಜಾಮರ ಕಾಲದಲ್ಲಿ ಬೀದರ ಜಿಲ್ಲೆಯ ಆಡಳಿತವು ಉರ್ದುವಿನಲ್ಲಿ ನಡೆಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯಶಾಸ್ತ್ರವನ್ನು ಸಹ ಆ ಭಾಷೆಯಲ್ಲಿ ಬೋಧಿಸಿತು. ದೇಶಭಾಷೆಯೊಂದರಲ್ಲಿ ಇಷ್ಟು ದೊಡ್ಡ ಪ್ರಯೋಗವು ನಡೆದುದು ಮೆಚ್ಚತಕ್ಕ ಕಾರ್ಯವೇ. ನಮ್ಮ ಜನರು ಇಂದಿಗೂ ಆಡುವ ‘ದವಾಖಾನೆ’ ಎಂಬ ಮಾತು ಪಾರಸಿಯಿಂದ ಬಂದುದು. ಆದರೆ ಹಳ್ಳಿಯ ರೋಗಿಯು ತನ್ನ ಸಂಕಟವನ್ನು ಹೇಳಿಕೊಳ್ಳುವುದು ಮನೆಮಾತಿನಲ್ಲಿಯೇ. ಈ ಸೀಮೆಯಲ್ಲಿ ಅದು ಕನ್ನಡವಿರಬಹುದು, ಮರಾಠಿ, ತೆಲುಗು, ಉರ್ದುವೂ ಇರಬಹುದು. ಭಾಲ್ಕಿಯ ಡಾ. ಚೆನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಪ್ರಸಿದ್ಧವಾಗಿದೆ. ಪಾಠಶಾಲೆಗೆ ಬೇಕಾದ ಆ ವಿವೇಕವು ರೋಗಿಯ ಮಂಚದ ಬಳಿಯಲ್ಲಿಯೂ ಬೇಕು.

1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದ ಮೊದಲಾದ ಭಾಗಗಳು ಮೈಸೂರು ರಾಜ್ಯಕ್ಕೆ ಬಂದುವು; ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದುವು. ಹೊಸ ರಾಜ್ಯದ ರಾಜಧಾನಿಗೆ ಬೀದರವು ತೀರ ದೂರದ ಮೂಲೆಯಾಯಿತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದುವೆಂದು ಗುರುತಿಸಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದುವು. 2007ರಲ್ಲಿ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಗಿ ಜಿಲ್ಲಾ ಆಸ್ಪತ್ರೆಯು ಬೋಧನಾಲಯವಾಯಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಮೇರೆಗೆ ಈ ಪ್ರದೇಶದ ವಿದ್ಯಾಲಯಗಳಲ್ಲಿ ನೂರಕ್ಕೆ 70 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದುವು. ಈ ಮಣ್ಣಿನ ಮಕ್ಕಳು ವೈದ್ಯರಾಗುವ ಮಾರ್ಗವು ಹೀಗೆ ತೆರೆಯಿತು.

ಆದರೂ ಔರಾದ, ಭಾಲ್ಕಿಗಳಿಂದ ಬೀದರಕ್ಕೆ ಸುಮಾರು 40 ಕಿಲೋಮೀಟರುಗಳ ದಾರಿ. ಭಾಲ್ಕಿಗೆ ರೈಲಿದೆ, ಔರಾದ ಪಟ್ಟಣಕ್ಕೆ ಇಲ್ಲ. ಹೆರಿಗೆಯ ಬೇನೆಗೂ ಹಾವಿನ ವಿಷಕ್ಕೂ ಈ ದೂರವೇ ಆಯುಷ್ಯದ ಅಳತೆಯಾಗುವುದು. ಹಣವಿಲ್ಲದ ಕಾರಣದಿಂದ ಯಾರಿಗೂ ಚಿಕಿತ್ಸೆಯು ತಪ್ಪಬಾರದೆಂದೂ, ಅದು ಜನರ ಮನೆಗಳಿಗೆ ಆದಷ್ಟು ಸಮೀಪವಿರಬೇಕೆಂದೂ ಭೋರ್ ಸಮಿತಿಯು 1946ರಲ್ಲಿಯೇ ಹೇಳಿದ್ದಿತು. ಆದಕಾರಣ ಬೀದರದ ಆಸ್ಪತ್ರೆಯ ಸುಧಾರಣೆಯನ್ನು ಬೀದರದಲ್ಲಿ ಮಾತ್ರ ಅಳೆಯಲಾಗದು. ತಾಲೂಕಿನ ಆಸ್ಪತ್ರೆಯಲ್ಲಿ ರಾತ್ರಿಯೂ ವೈದ್ಯನಿರಬೇಕು, ಔಷಧದ ಕಪಾಟು ಬರಿದಾಗಬಾರದು, ರೋಗಿಯ ಮಾತು ತಿಳಿಯುವ ದಾದಿಯಿರಬೇಕು. ಐದು ನೂರು ವರ್ಷಗಳಿಗೂ ಹಿಂದೆ ಆದಾಯ, ಆಹಾರ, ನಂಬಿಕೆಯ ವೈದ್ಯ ಎಂಬ ಮೂರನ್ನು ಇದೇ ನಗರವು ಒದಗಿಸಿದ್ದಿತು. ಅದನ್ನು ಔರಾದದ ಕೊನೆಯ ಹಳ್ಳಿಯವರೆಗೆ ಮುಟ್ಟಿಸುವ ಹೊಣೆಯು ಇಂದಿನ ಸರಕಾರದ್ದೂ ನಮ್ಮೆಲ್ಲರದ್ದೂ ಆಗಿದೆ.