ಬೇಸಿಗೆಯ ಕೊನೆಯಲ್ಲಿ ಮಲೆನಾಡಿನ ಹವಾ ಮುನ್ನೋಟ: ಮಳೆಯ ಮೊತ್ತ ಮತ್ತು ಹೊಳವಿನ ಲೆಕ್ಕ

ಪ್ರತಿವರ್ಷ ಏಪ್ರಿಲ್ ನಡುವಿಗೆ ಭಾರತ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಹೊರಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಬೀಳಲಿರುವ ಮಳೆ, 1971–2020ರ ಸರಾಸರಿಯಾದ 87 ಸೆಂ.ಮೀ.ಗೆ ಹೋಲಿಸಿದರೆ ಶೇಕಡ ಎಷ್ಟು ಎಂಬುದು ಅದರ ಸಾರ. ಶೇ. 96ರಿಂದ 104ರೊಳಗಿದ್ದರೆ ವಾಡಿಕೆ ಮಳೆ. ಜಲಾಶಯ, ವಿದ್ಯುತ್ತು, ಧಾನ್ಯದ ದಾಸ್ತಾನು ನೋಡಿಕೊಳ್ಳುವವರಿಗೆ ಈ ಅಂಕಿ ಬೇಕೇ ಬೇಕು. ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೂ ಮೂಡಿಗೆರೆಯ ಕಾಫಿ ತೋಟದವರಿಗೂ ಮೇ ತಿಂಗಳಲ್ಲಿ ಬೇಕಾಗುವ ಉತ್ತರ ಮಾತ್ರ ಅದರಲ್ಲಿ ಸಿಗುವುದಿಲ್ಲ. ಮಳೆಗಾಲದ ಒಟ್ಟು ಮಳೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಮಲೆನಾಡು ತಡೆದುಕೊಳ್ಳುತ್ತದೆ. ಎರಡು ಮಳೆಗಳ ನಡುವಿನ ಹೊಳವು ತಪ್ಪಿದರೆ ಫಸಲಿಗೇ ಪೆಟ್ಟು. ಹಾಗಾಗಿ ಇಲ್ಲಿನ ಬೇಸಿಗೆ ಕೊನೆಯ ಮುನ್ನೋಟ ಮಳೆಯ ಸರದಿಯನ್ನೂ ನಡುವಿನ ಬಿಡುವನ್ನೂ ಹೇಳಬೇಕು ಎಂಬುದು ಈ ಲೇಖನದ ವಾದ.

ಮೊದಲು ಕಾಫಿ. ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ 25ರಿಂದ 40 ಮಿ.ಮೀ. ಹೂಮಳೆ ಬೇಕು, ಅದರ ಬೆನ್ನಿಗೆ ಏಪ್ರಿಲ್–ಮೇ ಹೊತ್ತಿಗೆ 50ರಿಂದ 75 ಮಿ.ಮೀ. ಬ್ಯಾಕಿಂಗ್ ಮಳೆ ಬೇಕು. ತೋಟದವರು ಇದನ್ನು ಇವತ್ತಿಗೂ ಇಂಚು, ಸೆಂಟುಗಳಲ್ಲೇ ಹೇಳುವುದು. ಒಂದು ಇಂಚಿಗೆ ನೂರು ಸೆಂಟು. ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ‘1–20’ ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಆ ದಿನದ ಲೆಕ್ಕ ಮುಗಿಯಿತು. ಇಂಚಿನ ಆಸುಪಾಸು ಮಳೆಯಾದರೆ ಎಂಟು–ಹತ್ತು ದಿನಕ್ಕೆ ಗಿಡ ಹೂವಾಗುತ್ತದೆ. ಹತ್ತು–ಹದಿನೈದು ಸೆಂಟಿಗೇ ನಿಂತುಬಿಟ್ಟರೆ ಮೊಗ್ಗು ಅರ್ಧಂಬರ್ಧ ಬಿರಿದು ಕಾಯಿ ಕಚ್ಚುವುದಿಲ್ಲ. ಅರಳಿದ ದಿನವೇ ಮತ್ತೆ ಜೋರು ಮಳೆ ಹೊಡೆದರೂ ನಷ್ಟವೇ. ಬೇಕಿರುವುದು ಒಂದು ಮಳೆ, ಒಂದು ಬಿಡುವು, ಮತ್ತೊಂದು ಮಳೆ.

ಈ ಮಳೆಗಳನ್ನು ಮುಂಗಾಣುವುದು ಕಷ್ಟ, ಕಾರಣ ಸ್ಪಷ್ಟ. ಬೇಸಿಗೆಯ ಕೊನೆಗೆ ಒಳನಾಡಿನ ನೆಲ ಕಾದು, ಮಹಾರಾಷ್ಟ್ರದ ಕಡೆಯಿಂದ ಒಳನಾಡು ಕರ್ನಾಟಕವನ್ನು ಹಾದು ದಕ್ಷಿಣಕ್ಕೆ ಕಡಿಮೆ ಒತ್ತಡದ ಪಟ್ಟಿಯೊಂದು ಎಳೆದಂತಾಗುತ್ತದೆ. ಕಡಲ ಕಡೆಯ ತೇವದ ಗಾಳಿ ಘಟ್ಟವೇರಿ ಬಂದು ಒಳನಾಡಿನ ಬಿಸಿ ಗಾಳಿಯನ್ನು ಸಂಧಿಸಿದ ಕಡೆ, ಮಧ್ಯಾಹ್ನ ಕಳೆದ ಮೇಲೆ ಗುಡುಗು–ಸಿಡಿಲಿನ ಮೋಡ ಕಟ್ಟುತ್ತದೆ. ಇಂಥ ಮೋಡದ ಹರವು ಕೆಲವೇ ಕಿಲೋಮೀಟರು. ಒಂದು ಎಸ್ಟೇಟಿಗೆ ಎರಡು ಇಂಚು ಸುರಿದು, ಗುಡ್ಡದಾಚೆಯ ಎಸ್ಟೇಟಿಗೆ ಹನಿಯೂ ಬೀಳದಿರಬಹುದು. ಇಲಾಖೆ ಬಳಸುತ್ತ ಬಂದ ಜಾಗತಿಕ ಮಾದರಿಯ ಚೌಕದ ಅಗಲ 12 ಕಿ.ಮೀ. ಆಗುಂಬೆಯ ಅಂಚಿನಿಂದ ಸೋಮೇಶ್ವರದ ತಳಕ್ಕೆ ನೇರ ಅಂತರ ಅದಕ್ಕಿಂತ ಕಡಿಮೆ, ಇಳಿತ ಐನೂರು ಮೀಟರಿಗೂ ಹೆಚ್ಚು. ಅಂಥ ಚೌಕದಲ್ಲಿ ಘಟ್ಟದ ತಲೆಯೂ ಬುಡವೂ ಒಂದೇ ಎತ್ತರವಾಗಿಬಿಡುತ್ತವೆ. 2025ರ ಮೇ 26ರಂದು ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 6 ಕಿ.ಮೀ. ಚೌಕದ್ದು. ಘಟ್ಟದ ಮಟ್ಟಿಗೆ ಇದು ದೊಡ್ಡ ಹೆಜ್ಜೆಯೇ.

ಅಡಿಕೆಯ ಸಂಗತಿ ಇನ್ನೂ ಬಿಗಿಯಾದದ್ದು. ಕೊಳೆರೋಗ ತಡೆಯಲು ಹಿಂದೆ ಗೊನೆಗಳಿಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ನಡೆಸಿದ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಲ್ಲಿ ನೆಲೆಯೂರಿದ್ದು ಅವರ ಕೆಲಸದಿಂದ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶತಮಾನ ಕಳೆದರೂ ಪಾಕ ಬದಲಾಗಿಲ್ಲ. ಮೊದಲ ಔಷಧಿ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು 40–45 ದಿನಕ್ಕೆ. ದ್ರಾವಣ ಗೊನೆಯ ಮೇಲೆ ಒಣಗಿ ಅಂಟಿಕೊಳ್ಳದೆ ಪ್ರಯೋಜನವಿಲ್ಲ. ಮರ ಒದ್ದೆಯಾಗಿದ್ದರೆ ಕೊನೆಗೌಡರು ಹತ್ತುವಂತಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಹೊಡೆಯಬಹುದು, ನಿಜ. ಹೊಳವು ಮಾತ್ರ ಆಗಲೂ ಬೇಕು.

ಇಲ್ಲಿಯೇ ಮುಂಗಾರು ಪ್ರವೇಶದ ಮುನ್ಸೂಚನೆಯ ಮಿತಿ ಕಾಣುವುದು. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. 2025ಕ್ಕೆ ಇಲಾಖೆ ಹೇಳಿದ್ದು ಮೇ 27, ನಾಲ್ಕು ದಿನ ಹಿಂದೆಮುಂದೆ. ಶಾಸ್ತ್ರದ ಲೆಕ್ಕದಲ್ಲಿ ಅದು ಸರಿಯಾದ ಮುನ್ಸೂಚನೆ. ಆದರೆ ಮಳೆ ಎರಡೇ ದಿನದಲ್ಲಿ ಮುಂಬಯಿವರೆಗೆ ಸಾಗಿತು. ಮೇ ಕೊನೆಯ ವಾರಕ್ಕೆ ಔಷಧಿ ಇಟ್ಟುಕೊಂಡವರಿಗೆ ಆ ಮೂರು ದಿನವೇ ಎಲ್ಲವೂ ಆಗಿತ್ತು. ಪ್ರವೇಶವನ್ನು ನಿರ್ಧರಿಸುವ 14 ಮಳೆ ಕೇಂದ್ರಗಳಲ್ಲಿ ನಮ್ಮ ಮಂಗಳೂರೂ ಒಂದು. ಮೇ 10ರ ನಂತರ ಶೇ. 60 ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು, ಪಡುವಣ ಗಾಳಿಯ ಆಳವೂ ಮೋಡದ ಹೊದಿಕೆಯೂ ಗೊತ್ತಾದ ಮಟ್ಟ ಮುಟ್ಟಬೇಕು. ಘಟ್ಟದ ಮೇಲಿನ ಒಂದು ಕೇಂದ್ರವೂ ಈ ಪಟ್ಟಿಯಲ್ಲಿಲ್ಲ.

ಗಡಿಯ ತೊಡಕೂ ಇದೆ. ಇಲಾಖೆಯ ಉಪವಿಭಾಗಗಳಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಜಿಲ್ಲೆಗಳು ಕೋಲಾರ, ಚಿತ್ರದುರ್ಗಗಳೊಡನೆ ದಕ್ಷಿಣ ಒಳನಾಡಿಗೆ ಸೇರಿವೆ. ಶಿರಸಿ, ಸಿದ್ದಾಪುರ ಕರಾವಳಿಗೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಲೆನಾಡನ್ನು ಬೇರೆ ಪ್ರದೇಶವಾಗಿ ಎಣಿಸುತ್ತದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಈ ವಿಷಯದಲ್ಲಿ ಅದರದೇ ಸರಿಯಾದ ದಾರಿ. ಜಿಲ್ಲೆಯೊಂದನ್ನು ಒಂದೇ ಘಟಕವೆನ್ನುವುದು ಕೂಡ ಘಟ್ಟದಲ್ಲಿ ನಡೆಯದು. ಭಾಗಮಂಡಲದ ಮಳೆಗೂ ಸುಮಾರು 70 ಕಿ.ಮೀ. ರಸ್ತೆಯಾಚೆಯ ಕುಶಾಲನಗರದ ಮಳೆಗೂ ಹಲವು ಪಟ್ಟು ಅಂತರ. ಮಂಗಳವಾರ, ಶುಕ್ರವಾರಗಳ ಕೃಷಿ ಹವಾ ವರದಿ ಪಡುವಣ ಅಂಚಿನ ತಾಲ್ಲೂಕುಗಳನ್ನು ಮೂಡಣ ಇಳಿಜಾರಿನವುಗಳಿಂದ ಬೇರ್ಪಡಿಸಿ ಹೇಳಿದರೆ ಅರ್ಧ ಕೆಲಸ ಆದಂತೆ.

ಹಳೆಯ ನಕ್ಷತ್ರದ ಲೆಕ್ಕವನ್ನೂ ಇಲ್ಲಿ ನೆನೆಯಬೇಕು. ಭರಣಿ, ಕೃತ್ತಿಕೆ, ರೋಹಿಣಿ ಎಂದು ಎಣಿಸುವ ಒಂದೊಂದು ಮಳೆಯ ಅವಧಿ 13–14 ದಿನ. ಪ್ರತಿ ಗುರುವಾರ ಹೊರಡುವ ವಿಸ್ತೃತ ಅವಧಿಯ ಮುನ್ಸೂಚನೆಯೂ ಮುಖ್ಯವಾಗಿ ಎರಡು ವಾರದ್ದು. ನಕ್ಷತ್ರ ಮಳೆ ತರುತ್ತದೆಂದು ನಾನು ಹೇಳುತ್ತಿಲ್ಲ. ತೋಟದ ಕೆಲಸ ಜೋಡಿಸಿಕೊಳ್ಳಲು ಬೇಕಾದ ಕಾಲದ ಅಳತೆಯನ್ನು ಹಿರಿಯರು ಸರಿಯಾಗಿಯೇ ಗುರುತಿಸಿದ್ದರು. ಆ ಅಳತೆಯೊಳಗೆ ‘ಸತತ ಮೂರು ದಿನ ಹೊಳವು ಸಿಗುವ ಸಂಭವ ಇಷ್ಟು’ ಎಂದು ಹೇಳುವ ಮುನ್ನೋಟವನ್ನು ಇಂದಿನ ಮಾದರಿಗಳಿಂದ ಹೊರತೆಗೆಯಲು ಅಡ್ಡಿಯಿಲ್ಲ.

ಅಂಥ ಮುನ್ನೋಟ ನಿಜವಾಯಿತೇ ಎಂದು ತಾಳೆ ನೋಡಲು ದೀರ್ಘಕಾಲದ, ದಿನದಿನದ ಮಳೆ ದಾಖಲೆ ಬೇಕು. ಅದು ಮಲೆನಾಡಿನ ಎಸ್ಟೇಟುಗಳ ಕಪಾಟುಗಳಲ್ಲಿದೆ, ಗೆದ್ದಲು ಹಿಡಿಯುತ್ತಿದೆ. ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇರುವವರು ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ; ಪುಟಪುಟವನ್ನೂ ಫೋಟೊ ತೆಗೆದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ ತಲುಪಿಸಿ.