ಕಡೆಯ ಘಟ್ಟದ ಧೃತಿ

ವಿಜಯಪುರದ ಹೊರವಲಯದಲ್ಲಿರುವ ಭೂತನಾಳದ ಕೆರೆಯ ದಂಡೆಯ ಮೇಲೆ ಸಾಯಂಕಾಲ ತಿರುಗಾಡಲು ಹೋಗುವುದು ನಿವೃತ್ತನಾದಂದಿನಿಂದ ನನಗೆ ಅಭ್ಯಾಸವಾಗಿರುವುದು. ಸೈಕಲ್ ಪಟುಗಳಿಗೆ ಹೆಸರಾದ ಊರು ನಮ್ಮದಾದ್ದರಿಂದ, ಆ ಹಾದಿಯಲ್ಲಿ ತಲೆ ಬಗ್ಗಿಸಿ ಸೈಕಲ್ ತುಳಿಯುವ ಹುಡುಗರು ದಿನವೂ ಕಣ್ಣಿಗೆ ಬೀಳುವರು. ಕೆಲವು ದಿನಗಳ ಹಿಂದೆ ಅಂಥ ಇಬ್ಬರು ಹುಡುಗರು ಸೈಕಲ್ ನಿಲ್ಲಿಸಿ ವಾದಕ್ಕಿಳಿದಿದ್ದರು. "ಫೈನಲ್‌ನ್ಯಾಗ ಮನಸ್ಸು ಗಟ್ಟಿ ಇದ್ದವರು ಗೆಲ್ತಾರ, ಹೆದರಿದವರು ಸೋಲ್ತಾರ, ಅಷ್ಟ" ಎಂದು ಒಬ್ಬನ ವಾದ. "ಹಂಗಾದ್ರ ಸೋತವರೆಲ್ಲಾ ಹೆದರಪುಕ್ಕರೇನು?" ಎಂದು ಮತ್ತೊಬ್ಬನ ಪ್ರಶ್ನೆ. ಆಮೇಲೆ ಇಬ್ಬರೂ ನನ್ನ ಕಡೆಗೆ ತಿರುಗಿ, "ನೀವ ಹೇಳ್ರೀ ಗುರುಗಳ" ಎಂದರು.

ನಾನು ಕೂಡಲೆ ಉತ್ತರ ಹೇಳಲಾರದೆ ಹೋದೆನು. ಈ ಪ್ರಶ್ನೆಯು ಒಂದು ಕಾಲಕ್ಕೆ ನನ್ನನ್ನೂ ಕಾಡಿದ್ದು. ಅದಕ್ಕೆ ನಾನು ಕೊಟ್ಟ ತಪ್ಪು ಉತ್ತರದ ಫಲವನ್ನು ಬೇರೊಬ್ಬನು ಉಂಡನು. ಆ ಸಂಗತಿಯನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು. ಮೊದಲು ಪಂದ್ಯಗಳ ಇತಿಹಾಸವು ಈ ವಿಷಯದಲ್ಲಿ ಏನನ್ನು ಹೇಳುವುದೆಂಬುದನ್ನು ವಾಚಕರೊಡನೆ ಕೂಡಿ ನೋಡೋಣ.

ಮನಸ್ಸಿನ ಬಲವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಬಾಸ್ಕೆಟ್‌ಬಾಲಿನಷ್ಟು ಅನುಕೂಲವಾದ ಆಟ ಮತ್ತೊಂದಿಲ್ಲವೆಂದು ನನಗೆ ತೋರುವುದು. ಇದನ್ನು ಕಂಡುಹಿಡಿದವನು ನನ್ನಂಥ ಒಬ್ಬ ಮಾಸ್ತರನೇ. 1891ರ ಡಿಸೆಂಬರದಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು, ಚಳಿಗಾಲದಲ್ಲಿ ಒಳಗೇ ಆಡುವಂಥ ಆಟವೊಂದು ಬೇಕೆಂದು, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಚೆಂಡನ್ನು ಅವುಗಳಲ್ಲಿ ಹಾಕಲು ಹಚ್ಚಿದನು. ಆ ಬುಟ್ಟಿಯ ಜಾಗದಲ್ಲಿ ಈಗ ಕಬ್ಬಿಣದ ಬಳೆಯಿರುವುದು. 10 ಅಡಿಗಳ ಎತ್ತರ ಮಾತ್ರ ಬದಲಾಗಿಲ್ಲ. ಅಮೇರಿಕೆಯ ವೃತ್ತಿಪರ ಸಂಘಗಳು ಪ್ರತಿ ಋತುವಿನಲ್ಲಿ 82 ಆಟಗಳನ್ನಾಡಿದ ತರುವಾಯ, ಅವುಗಳೊಳಗಿನ ಉತ್ತಮ ಸಂಘಗಳಿಗಾಗಿ ಪ್ಲೇಆಫ್ ಎಂಬ ಕಡೆಯ ಘಟ್ಟವು ಮೊದಲಾಗುವುದು. ಅಲ್ಲಿ ಎರಡು ಸಂಘಗಳು ಒಂದನ್ನೊಂದು ಮತ್ತೆ ಮತ್ತೆ ಎದುರಿಸುವುವು; 7 ಆಟಗಳೊಳಗೆ 4ನ್ನು ಮೊದಲು ಗೆದ್ದ ಸಂಘವು ಮುಂದಕ್ಕೆ ಹೋಗುವುದು. ಎದುರಾಳಿಯ ಗುಟ್ಟೆಲ್ಲವೂ ಇವರಿಗೆ ಗೊತ್ತು, ಇವರ ಗುಟ್ಟೆಲ್ಲವೂ ಅವರಿಗೆ ಗೊತ್ತು. ವಿದ್ಯೆಯು ಸಮಸಮವಾದಾಗ ತಕ್ಕಡಿಯನ್ನು ತೂಗುವುದು ಮನಸ್ಸೇ ಎಂಬ ಮಾತು ಹುಟ್ಟಿದ್ದು ಇದರಿಂದ.

ಈ ಆಟದಲ್ಲಿ ಫ್ರೀ ಥ್ರೋ ಎಂಬುದೊಂದುಂಟು. ಎದುರಾಳಿಯು ನಿಯಮ ಮೀರಿದಾಗ, ಬುಟ್ಟಿಯ ಹಲಗೆಯಿಂದ 15 ಅಡಿ ದೂರದ ಗೆರೆಯ ಹಿಂದೆ ನಿಂತು ನಿರಾತಂಕವಾಗಿ ಚೆಂಡನ್ನೆಸೆಯುವ ಅವಕಾಶವಿದು. ಅಡ್ಡಗಟ್ಟುವವರಿಲ್ಲ, ಓಡಬೇಕಾಗಿಲ್ಲ, ದೂರವೂ ಎತ್ತರವೂ ಎಂದೆಂದಿಗೂ ಅಷ್ಟೇ. ಆಟಗಾರನು ಬಾಲ್ಯದಿಂದ ಸಾವಿರಾರು ಸಲ ಎಸೆದ ಎಸೆತವೇ ಇದು. ಹಾಗಿದ್ದೂ ಇದು ತಪ್ಪಿದರೆ, ತಪ್ಪಿದ್ದು ಕೈಯೋ ಮನಸ್ಸೋ?

1995ರ ಜೂನ್ 7ರಂದು ಒರ್ಲಾಂಡೋ ಊರಿನ ಸಂಘವು ತನ್ನ ಮನೆಯಂಗಳದಲ್ಲಿ ಹ್ಯೂಸ್ಟನ್ ಸಂಘದ ವಿರುದ್ಧ ಅಂತಿಮ ಸರಣಿಯ ಮೊದಲನೆಯ ಆಟವನ್ನಾಡುತ್ತಿತ್ತು. ಮುಗಿಯಲು ಸುಮಾರು 10 ಸೆಕೆಂಡುಗಳು ಮಾತ್ರ ಉಳಿದಿದ್ದುವು; ಒರ್ಲಾಂಡೋ 3 ಅಂಕ ಮುಂದಿತ್ತು. ಆ ಸಂಘದ ನಿಕ್ ಆಂಡರ್ಸನ್ ಎಂಬವನಿಗೆ ಎರಡು ಫ್ರೀ ಥ್ರೋಗಳು ದೊರೆತುವು. ಒಂದು ಬಿದ್ದರೂ ಜಯವು ಬಹುತೇಕ ಕೈಗೂಡಿದಂತೆಯೇ. ಎರಡೂ ತಪ್ಪಿದುವು. ತಿರುಗಿ ಬಂದ ಚೆಂಡು ಮತ್ತೆ ಅವನ ಕೈಗೇ ಸಿಕ್ಕು, ಮತ್ತೆರಡು ಎಸೆತಗಳು ದೊರೆತುವು. ಅವೂ ತಪ್ಪಿದುವು! ಹ್ಯೂಸ್ಟನ್ ಸರಿಗಟ್ಟಿತು, ಹೆಚ್ಚಿನ ಅವಧಿಯಲ್ಲಿ 120-118ರಿಂದ ಗೆದ್ದಿತು, ಸರಣಿಯನ್ನು 4-0ಯಿಂದ ಮುಗಿಸಿತು. ಇಲ್ಲಿಗೆ ಕಥೆ ನಿಲ್ಲಲಿಲ್ಲ. ಆ ಋತುವಿನಲ್ಲಿ 100ಕ್ಕೆ 70ರಂತೆ ಫ್ರೀ ಥ್ರೋಗಳನ್ನು ಹಾಕುತ್ತಿದ್ದ ಆ ಆಟಗಾರನು, ಎರಡು ವರುಷಗಳ ತರುವಾಯ, 1996-97ರಲ್ಲಿ, 100ಕ್ಕೆ 40ರ ಮಟ್ಟಕ್ಕೆ ಇಳಿದನು. ಕೈ ಅದೇ, ಗೆರೆ ಅದೇ, ಬುಟ್ಟಿ ಅದೇ. ನಮ್ಮ ಗೋಳಗುಮ್ಮಟದಲ್ಲಿ ಆಡಿದ ಒಂದು ಮಾತು ಏಳು ಸಲ ತಿರುಗಿ ಕೇಳಿಸುವಂತೆ, ಆ ನಾಲ್ಕು ಎಸೆತಗಳ ಸದ್ದು ಅವನ ಚಿತ್ತದಲ್ಲಿ ತಿರುತಿರುಗಿ ಮೊಳಗಿರಬೇಕು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ರಣಜಿ ಟ್ರೋಫಿಯನ್ನು 1958-59ರಿಂದ 1972-73ರ ವರೆಗೆ ಮುಂಬಯಿ ಸಂಘವು 15 ವರುಷ ಒಂದೇ ಸವನೆ ಗೆದ್ದಿತ್ತು. ಅದನ್ನು ಸೋಲಿಸಲಾಗದೆಂಬ ನಂಬಿಕೆಯು ಎದುರಾಳಿಗಳ ಮನಸ್ಸಿನಲ್ಲಿ ಬೇರೂರಿ, ಆಡುವ ಮೊದಲೇ ಅರ್ಧ ಸೋಲು ಆಗುತ್ತಿತ್ತು. 1973ರ ನವಂಬರ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ, 1974ರ ಮಾರ್ಚಿನಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕವು ಮುಂಬಯಿಯನ್ನು ಎದುರಿಸಿತು. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ಓಟಗಳನ್ನು ಗಳಿಸಲಾಗಿ ಕರ್ನಾಟಕದ ಮೊತ್ತವು 385 ಆಯಿತು. ಮುಂಬಯಿಯು 307ಕ್ಕೆ ಮುಗಿಯಿತು. ಗಾವಸ್ಕರರನ್ನು ಪ್ರಸನ್ನರು ಬೌಲ್ಡ್ ಮಾಡಿದ ಚೆಂಡನ್ನು ಹಳಬರು ಈಗಲೂ ನೆನೆಯುವರು. ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಕರ್ನಾಟಕವು ಅಂತಿಮ ಘಟ್ಟವನ್ನು ಸೇರಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿಯನ್ನು ತಂದಿತು.

ಇದು ಧೃತಿಯ ಜಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇತಿಹಾಸವನ್ನು ಬರೆಯುವವನು ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಗಟ್ಟಿಯಾಗಿ ಆಡುತ್ತಿದ್ದ ಮುಂಬಯಿಯ ನಾಯಕ ವಾಡೇಕರರು ಓಟದ ನಡುವೆ ಕಾಲು ಜಾರಿ ರನೌಟಾದರು. ಅವರ ಕಾಲು ಜಾರಿತೇ ಹೊರತು ಮನಸ್ಸು ಜಾರಿರಲಿಲ್ಲ. ಪುರುಷಪ್ರಯತ್ನದ ಮಗ್ಗುಲಲ್ಲಿಯೇ ದೈವವೆಂಬುದೂ ಕುಳಿತಿರುವುದೆಂದು ಹಿರಿಯರು ಹೇಳುವುದು ಇದಕ್ಕೇ. ಗೆದ್ದವನನ್ನು ನೋಡಿ "ಇವನ ಮನಸ್ಸು ಗಟ್ಟಿಯಾಗಿತ್ತು" ಎಂದೂ, ಸೋತವನನ್ನು ನೋಡಿ "ಇವನ ಮನಸ್ಸು ದುರ್ಬಲ" ಎಂದೂ ಫಲವನ್ನು ಕಂಡ ಮೇಲೆ ಕಾರಣವನ್ನು ಕಲ್ಪಿಸುವುದು ಸುಲಭ. ತರ್ಕಶಾಸ್ತ್ರವನ್ನು ಓದಿದ ವಿದ್ಯಾರ್ಥಿಯು ಇದನ್ನು ಹೇತುವೆಂದು ಒಪ್ಪನು.

2002ರ ಮೇ ತಿಂಗಳಿನ ಸಂಗತಿಯನ್ನು ನೋಡಿರಿ. ವೆಸ್ಟ್ ಇಂಡೀಸಿನ ಆಂಟಿಗಾ ದ್ವೀಪದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರ ದವಡೆಯು ಡಿಲ್ಲನ್ ಎಂಬವನ ಚೆಂಡಿನ ಏಟಿಗೆ ಮುರಿಯಿತು. ಶಸ್ತ್ರಚಿಕಿತ್ಸೆಗಾಗಿ ಊರಿಗೆ ಮರಳಬೇಕಾಗಿದ್ದ ಅವರು, ಮುಖಕ್ಕೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕಿಳಿದು 14 ಓವರುಗಳನ್ನು ಬೌಲ್ ಮಾಡಿ, ಲಾರಾನಂಥ ಮಹಾಪಟುವನ್ನು ಔಟ್ ಮಾಡಿದರು. ಆ ಪಂದ್ಯವನ್ನು ಭಾರತವು ಗೆದ್ದಿತೇ? ಇಲ್ಲ, ಅದು ಡ್ರಾ ಆಯಿತು. ಆದರೂ ಧೃತಿಗೆ ಉದಾಹರಣೆ ಬೇಕಾದಾಗಲೆಲ್ಲ ಜನರು ಆ ಪಟ್ಟಿ ಸುತ್ತಿದ ಮುಖವನ್ನೇ ನೆನೆಯುವರು. ಹೀಗೆ ಧೃತಿಯು ಬೇರೆ, ಜಯವು ಬೇರೆ ಎಂಬುದು ಸಿದ್ಧವಾಗುವುದು.

ಗೀತೆಯ 18ನೆಯ ಅಧ್ಯಾಯದಲ್ಲಿ ಧೃತಿಯನ್ನು ಮೂರು ಬಗೆಯಾಗಿ ವಿಂಗಡಿಸಿರುವುದನ್ನು ಪಾಠಶಾಲೆಯಲ್ಲಿ ನಾವು ಕಲಿತೆವು. ಫಲದ ಮೇಲೆ ಕಣ್ಣಿಟ್ಟು ಹಿಡಿದ ಹಟವು ರಾಜಸ. ಭಯವನ್ನೂ ದುಃಖವನ್ನೂ ಬಿಡದೆ ಅಪ್ಪಿಕೊಂಡಿರುವ ಮೊಂಡುತನವು ತಾಮಸ. ಮನಸ್ಸು, ಪ್ರಾಣ, ಇಂದ್ರಿಯಗಳ ವ್ಯಾಪಾರವನ್ನು ಅಚಲವಾಗಿ ಒಂದೆಡೆ ನಿಲ್ಲಿಸುವುದು ಸಾತ್ತ್ವಿಕ. ಚಂಚಲವಾದ ಮನಸ್ಸನ್ನು ಹಿಡಿಯುವ ಉಪಾಯಗಳು ಅಭ್ಯಾಸ ಮತ್ತು ವೈರಾಗ್ಯ ಎಂದು 6ನೆಯ ಅಧ್ಯಾಯದ ಮಾತು. ಆಟಗಾರನಿಗೆ ಅಭ್ಯಾಸವೆಂಬುದು ತಿಳಿದ ಸಂಗತಿಯೇ. ಅವನ ವೈರಾಗ್ಯವೆಂದರೆ ಆಟವನ್ನು ಬಿಡುವುದಲ್ಲ. ಹಿಂದಿನ ಎಸೆತವನ್ನು ಹಿಂದೆಯೇ ಬಿಟ್ಟು ಈಗಿನ ಎಸೆತವನ್ನು ಮಾತ್ರ ಎಸೆಯುವುದು. ಆಂಡರ್ಸನ್ನನಿಗೆ ಅಭ್ಯಾಸವಿತ್ತು; ಅವನಿಗೆ ಒದಗದೆ ಹೋದದ್ದು ಈ ಎರಡನೆಯದು.

ಈಗ ನಮ್ಮ ಊರಿನ ಕಥೆ. 1991ರಲ್ಲಿ ವಿಜಯಪುರದಲ್ಲಿ ಹುಟ್ಟಿದ ರಾಜೇಶ್ವರಿ ಗಾಯಕವಾಡ ಅವರು ಎಡಗೈ ಸ್ಪಿನ್ ಬೌಲರರಾಗಿ 2014ರಲ್ಲಿ ಭಾರತದ ಮಹಿಳಾ ಸಂಘವನ್ನು ಸೇರಿದರು. ಅದೇ ವರುಷ ಅವರ ತಂದೆ ತೀರಿಕೊಂಡರು. 2017ರ ವಿಶ್ವಕಪ್ ಪಂದ್ಯಗಳು ಇಂಗ್ಲಂಡಿನಲ್ಲಿ ನಡೆದಾಗ ಮೊದಲ ಆಟಗಳಲ್ಲಿ ಇವರಿಗೆ ಸ್ಥಳ ದೊರೆಯಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲಂಡಿನೊಡನೆ ಆಟ; ಸೋತವರು ಮನೆಗೆ. ಅಂದು ಇವರನ್ನು ಕರೆದರು. ಮಿಥಾಲಿ ರಾಜರ 109, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿಯವರ 70 ಓಟಗಳ ಬಲದಿಂದ ಭಾರತವು 265ನ್ನು ಮಾಡಿತ್ತು. ಬೆಂಚಿನ ಮೇಲೆ ದಿನಗಳನ್ನೆಣಿಸಿ ಎದ್ದು ಬಂದ ರಾಜೇಶ್ವರಿಯವರು 15 ಓಟಗಳನ್ನು ಕೊಟ್ಟು 5 ವಿಕೆಟ್ಟುಗಳನ್ನು ಕಿತ್ತರು. ನ್ಯೂಜಿಲಂಡು 79ಕ್ಕೆ ಮುಗಿಯಿತು! ಕರೆಯದಿದ್ದಾಗಲೂ ಸಿದ್ಧರಾಗಿರುವುದು ಧೃತಿಯ ಅತ್ಯಂತ ಕಠಿಣವಾದ ರೂಪವೆಂದು ನಾನು ತಿಳಿಯುವೆನು. ಸೆಮಿಫೈನಲಿನಲ್ಲಿ ಹರ್ಮನ್‌ಪ್ರೀತ್ ಕೌರರ 171ರ ಆಟದಿಂದ ಆಸ್ಟ್ರೇಲಿಯವೂ ಸೋತಿತು.

ಜುಲೈ 23, ಭಾನುವಾರ, ಲಾರ್ಡ್ಸ್ ಮೈದಾನ. ನೆರೆಮನೆಯವರ ಪಡಸಾಲೆಯಲ್ಲಿ ನಾವು ಹತ್ತು ಹನ್ನೆರಡು ಜನ ಟೀವಿಯ ಮುಂದೆ ಕೂತಿದ್ದೆವು. ಇಂಗ್ಲಂಡಿನ 228ಕ್ಕೆ ಉತ್ತರವಾಗಿ ಭಾರತವು 3 ವಿಕೆಟ್ಟಿಗೆ 191ರ ವರೆಗೆ ಬಂದಿತ್ತು. ಕಪ್ಪು ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಂದ 28 ಓಟಗಳಲ್ಲಿ 7 ವಿಕೆಟ್ಟುಗಳು ಬಿದ್ದುವು. ಶ್ರಬ್‌ಸೋಲ್ ಎಂಬ ಬೌಲರಳಿಗೆ ಒಟ್ಟು 6 ವಿಕೆಟ್ಟುಗಳು. ಕಟ್ಟಕಡೆಗೆ ಔಟಾದವರು ನಮ್ಮ ರಾಜೇಶ್ವರಿಯವರೇ. ಸೋಲಿನ ಅಂತರ 9 ಓಟಗಳು. ಎಂಟು ದಿನಗಳ ಹಿಂದೆ ಸಂಘವನ್ನು ಉಳಿಸಿದವರ ಸ್ಟಂಪು ಕಡೆಯದಾಗಿ ಹಾರಿತು. ಪಡಸಾಲೆಯಲ್ಲಿ ಒಬ್ಬರು, "ನಮ್ಮೂರ ಹುಡಿಗೀನ ಕಡೀಗೆ ಮಾನ ಕಳೀತು ನೋಡ್ರಿ" ಎಂದರು.

ಆ ಮಾತಿನಿಂದ ನನ್ನ ಹಳೆಯ ತಪ್ಪು ನೆನಪಾಯಿತು. ನಾನು ಮಾಸ್ತರನಾಗಿದ್ದ ಒಂದು ಸಾಲೆಯ ಹುಡುಗರು ಕಬಡ್ಡಿಯ ಅಂತಿಮ ಆಟವನ್ನು ಒಂದೇ ಅಂಕದಿಂದ ಸೋತರು. ಕಡೆಗೆ ರೇಡಿಗೆ ಹೋದ ಹುಡುಗನು ಸಿಕ್ಕಿಬಿದ್ದಿದ್ದನು. ಎಲ್ಲರೆದುರಿಗೆ ನಾನು, "ನಿನ್ನಿಂದ ಸೋತೆವಲ್ಲೋ ತಮ್ಮಾ" ಎಂದುಬಿಟ್ಟೆನು. ಆ ಆಟದಲ್ಲಿ ಅತಿ ಹೆಚ್ಚು ಅಂಕಗಳನ್ನು ತಂದವನೂ ಅವನೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವನು ಮತ್ತೆ ಎಂದೂ ಅಂಗಳಕ್ಕಿಳಿಯಲಿಲ್ಲ. ಸೋಲು ಆ ಹುಡುಗನ ಧೃತಿಯನ್ನು ಮುರಿದಿರಲಿಲ್ಲ. ಮುರಿದದ್ದು ನನ್ನ ಮಾತು.

ರಾಜೇಶ್ವರಿಯವರ ವಿಷಯದಲ್ಲಿ ನಾಡು ನನಗಿಂತ ಉತ್ತಮವಾಗಿ ನಡೆದುಕೊಂಡಿತು. ಮರಳಿ ಬಂದಾಗ ಊರು ಅವರನ್ನು ಗೌರವಿಸಿತು. ಬಬಲೇಶ್ವರ ಕ್ಷೇತ್ರದ ಶಾಸಕರೂ ಆಗ ಸಚಿವರೂ ಆಗಿದ್ದ ಎಂ. ಬಿ. ಪಾಟೀಲರು ಕಾರನ್ನು ಕೊಡಮಾಡಿದಾಗ, ಕಾರಿಗಿಂತ ಮನೆಯವರಿಗೆ ಒಂದು ಮನೆ ಬೇಕಾಗಿದೆ ಎಂದು ಅವರು ಸಂಕೋಚವಿಲ್ಲದೆ ಹೇಳಿದರು. ತನಗೆ ಏನು ಬೇಕು, ಏನು ಬೇಡ ಎಂಬುದನ್ನು ಮೆರವಣಿಗೆಯ ಗದ್ದಲದಲ್ಲಿಯೂ ಅರಿತಿದ್ದ ಮನಸ್ಸು ಅದು. 2022ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ವಿರುದ್ಧ 31 ಓಟಗಳಿಗೆ 4 ವಿಕೆಟ್ಟುಗಳನ್ನು ಪಡೆದು, ಲಾರ್ಡ್ಸಿನ ಆ ಕಡೆಯ ಚೆಂಡು ತಮ್ಮನ್ನು ಹಿಡಿದಿಟ್ಟಿಲ್ಲವೆಂಬುದನ್ನು ತೋರಿಸಿದರು.

ಇನ್ನೊಂದು ಕೌತುಕವುಂಟು. ಲಾರ್ಡ್ಸಿನ ಆ ಭಾನುವಾರದಂದೇ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಖಂಡದ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯಾವಳಿಯು ಮೊದಲಾಯಿತು. ಜುಲೈ 29ರಂದು ಎರಡನೆಯ ವಿಭಾಗದ ಅಂತಿಮ ಆಟದಲ್ಲಿ ಭಾರತದ ಮಹಿಳೆಯರು ಕಝಾಕಸ್ತಾನವನ್ನು 75-73ರಿಂದ ಗೆದ್ದು ಮೊದಲನೆಯ ವಿಭಾಗಕ್ಕೆ ಏರಿದರು. ಒಂದೇ ವಾರದಲ್ಲಿ ಒಂದು ಸಂಘವು 9 ಓಟಗಳಿಂದ ಸೋತಿತು, ಮತ್ತೊಂದು 2 ಅಂಕಗಳಿಂದ ಗೆದ್ದಿತು. ಇವರ ಮನಸ್ಸು ಗಟ್ಟಿ, ಅವರದು ದುರ್ಬಲ ಎಂದು ಹೇಳುವ ಧೈರ್ಯ ಯಾರಿಗಿರುವುದು? ಲಾರ್ಡ್ಸಿನಲ್ಲಿ ಸೋತವರ ದಾರಿಯಲ್ಲಿಯೇ ನಡೆದ ಸಂಘವು 2025ರ ನವಂಬರ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕೆಯನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಎತ್ತಿತು. 2017ರ ಸೋಲನ್ನು ಜನರು ತಿರಸ್ಕಾರದಿಂದ ಕಂಡಿದ್ದರೆ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬ್ಯಾಟು ಬರುತ್ತಿತ್ತೋ ವಾಚಕರೇ ಊಹಿಸಬೇಕು.

ಆದುದರಿಂದ ಭೂತನಾಳದ ಹುಡುಗರಿಗೆ ನಾನು ಮರುದಿನ ಹೇಳಿದ್ದಿಷ್ಟು: ಮನಸ್ಸಿನ ಬಲವು ಗೆಲುವಿಗೆ ಬೇಕು, ಆದರೆ ಗೆಲುವು ಅದರ ಅಳತೆಗೋಲಲ್ಲ. ಕರೆಯುವ ಮೊದಲೇ ಸಿದ್ಧನಾಗಿರುವುದು, ಕೈಯಲ್ಲಿದ್ದ ಚೆಂಡನ್ನು ಮಾತ್ರ ಎಸೆಯುವುದು, ಸೋತ ಮರುದಿನ ಮತ್ತೆ ಅಂಗಳಕ್ಕೆ ಬರುವುದು, ಇವು ಆಟಗಾರನ ಪಾಲು. ಅವನು ಮರಳಿ ಬರುವಂತೆ ಬಾಗಿಲನ್ನು ತೆರೆದಿಡುವುದು ಮನೆಯವರ, ಮಾಸ್ತರರ ಪಾಲು. ವಾದದಲ್ಲಿ ಎರಡನೆಯವನಾಗಿದ್ದ ಹುಡುಗನು ನಗುತ್ತ, "ಅಂದ್ರ ನಾ ಹೇಳಿದ್ದ ಖರೇ ಆತು" ಎಂದು ಸೈಕಲ್ ಹತ್ತಿದನು. ಕೆರೆಯ ಏರಿಯ ಮೇಲೆ ಬಹಳ ಹೊತ್ತು ನಿಂತಿದ್ದು ನಾನು ಮನೆಗೆ ಬಂದೆನು. ನನ್ನ ಆ ಕಬಡ್ಡಿಯ ಶಿಷ್ಯನು ಈಗ ಎಲ್ಲಿಯೇ ಇರಲಿ, ಅವನ ಮನೆಯವರು ಈ ಪತ್ರಿಕೆಯನ್ನು ಓದುವವರಾಗಿದ್ದರೆ, ಅಂದಿನ ಸೋಲು ಅವನಿಂದಾದುದಲ್ಲವೆಂದು ಅವನಿಗೆ ತಿಳಿಸಬೇಕಾಗಿ ಈ ಮುದಿ ಮಾಸ್ತರನ ವಿನಂತಿ.